‘ಮನೆಯಲ್ಲಿ ಮಾತನಾಡಿ ಹೇಳುತ್ತೇವೆ’ ಎಂದು ಹೋದವರು ಯಾಕೆ ತಿರುಗಿ ಬರಲಿಲ್ಲ?

ಬನಶಂಕರಿ ಮೂರನೇ ಹಂತದ ನಮ್ಮ ತವರು ಮನೆಯ ಗೇಟಿಗೆ ‘ಮಾರಾಟಕ್ಕಿದೆ’ ಎಂಬ ಬೋರ್ಡು ಕಟ್ಟಿದ್ದು 2024ರ ದಸರಾದಲ್ಲಿ. ನೋಂದಣಿ ಆದದ್ದು 2025ರ ನವೆಂಬರಿನಲ್ಲಿ. ಈ ಹದಿಮೂರು ತಿಂಗಳಲ್ಲಿ ಬಂದುಹೋದವರು ಒಬ್ಬಿಬ್ಬರಲ್ಲ. ಎಲ್ಲರೂ ಹಜಾರದಲ್ಲಿ ಕುಳಿತು ಕಾಫಿ ಕುಡಿದರು, ಮಹಡಿ ಹತ್ತಿ ಇಳಿದರು, ‘ಮನೆ ಚೆನ್ನಾಗಿದೆ, ಮನೆಯಲ್ಲಿ ಮಾತನಾಡಿ ಹೇಳುತ್ತೇವೆ’ ಎಂದು ಚಪ್ಪಲಿ ಮೆಟ್ಟಿದರು. ಅಮ್ಮ ಎರಡು ದಿನ ಮೊಬೈಲನ್ನು ಕೆಳಗಿಡುತ್ತಿರಲಿಲ್ಲ. ಮೂರನೆಯ ದಿನ ‘ಮನೆಗೆ ಯಾರದ್ದೋ ದೃಷ್ಟಿಯಾಗಿದೆ’ ಎಂದು ನಿಟ್ಟುಸಿರು ಬಿಡುತ್ತಿದ್ದರು.

ಮನೆ ಬೇಡವೆನ್ನುವ ನಿಜವಾದ ಕಾರಣವನ್ನು ನಮ್ಮ ಜನ ಮಾಲೀಕರ ಮುಖಕ್ಕೆ ಹೇಳುವುದಿಲ್ಲ. ಹಾಗೆ ಹೇಳುವುದು ಮರ್ಯಾದೆಯಲ್ಲ ಎಂಬ ಭಾವನೆ. ಆದ್ದರಿಂದ ಕಾರಣವನ್ನು ಮಾರುವವರೇ ಹುಡುಕಿಕೊಳ್ಳಬೇಕು. ಕೊಳ್ಳುವವರು ಯಾವ ಹಂತದಲ್ಲಿ ಕೈಬಿಡುತ್ತಿದ್ದಾರೆ ಎಂದು ಗಮನಿಸಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಫೋನೇ ಬರುತ್ತಿಲ್ಲವಾದರೆ ತೊಂದರೆ ಬೆಲೆಯಲ್ಲಿದೆ, ಇಲ್ಲವೇ ಜಾಹೀರಾತಿನಲ್ಲಿದೆ. ಒಮ್ಮೆ ಬಂದವರು ಎರಡನೆಯ ಸಲ ಬರುತ್ತಿಲ್ಲವಾದರೆ ಮನೆಯೊಳಗೆ ಅವರ ಕಣ್ಣಿಗೆ ಏನೋ ಬಿದ್ದಿದೆ. ಎರಡನೆಯ ಸಲವೂ ಬಂದು, ಪತ್ರಗಳ ಜೆರಾಕ್ಸ್ ಒಯ್ದು, ಆಮೇಲೆ ಸುದ್ದಿಯಿಲ್ಲವಾದರೆ ತೊಂದರೆ ಪತ್ರಗಳಲ್ಲೇ ಇದೆ. ನಮ್ಮ ಮನೆಗೆ ಮೂರೂ ಕಾಡಿದವು. ಹೆಚ್ಚು ತಿಂಗಳುಗಳನ್ನು ನುಂಗಿದ್ದು ಮೂರನೆಯದು. ಅದನ್ನೇ ಮೊದಲು ಹೇಳುತ್ತೇನೆ.

ಟ್ರಂಕಿನಲ್ಲಿ ಇಲ್ಲದ ಪತ್ರ

ಆ ನಿವೇಶನ ಅಪ್ಪನಿಗೆ 1985ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದಿಂದ ಹಂಚಿಕೆಯಾದದ್ದು. ಬಿಡಿಎ ನಿವೇಶನ ಸಿಕ್ಕವರಿಗೆ ಮೊದಲು ಕೈಗೆ ಬರುವುದು ಗುತ್ತಿಗೆ ಸಹಿತ ಮಾರಾಟದ ಕರಾರು ಮತ್ತು ಸ್ವಾಧೀನ ಪತ್ರ. ಹತ್ತು ವರ್ಷ ಕಳೆದು, ಷರತ್ತುಗಳನ್ನು ಪಾಲಿಸಿದ ಮೇಲೆ ಪ್ರಾಧಿಕಾರ ಶುದ್ಧ ಕ್ರಯಪತ್ರ ಬರೆದುಕೊಡುತ್ತದೆ. ಪೂರ್ಣ ಒಡೆತನ ಬರುವುದು ಆಗಲೇ. ಅಪ್ಪ 1989ರಲ್ಲಿ ಮನೆ ಕಟ್ಟಿದರು, ಗೃಹಪ್ರವೇಶ ಮಾಡಿದರು, ಒಂದು ವರ್ಷವೂ ತಪ್ಪದೆ ಕಂದಾಯ ಕಟ್ಟಿದರು. ಕ್ರಯಪತ್ರ ಮಾಡಿಸಿಕೊಳ್ಳುವುದು ಮಾತ್ರ ‘ಮುಂದಿನ ವರ್ಷ ನೋಡೋಣ’ ಎನ್ನುತ್ತಲೇ ಉಳಿದುಹೋಯಿತು. 2019ರಲ್ಲಿ ಅವರು ತೀರಿಕೊಂಡರು. ಅವರ ಹಸಿರು ಟ್ರಂಕಿನಲ್ಲಿ ಮೂವತ್ತು ವರ್ಷದ ಕಂದಾಯ ರಸೀದಿಗಳು ಬಿಳಿ ದಾರದಲ್ಲಿ ಪೋಣಿಸಿದ ಹಾಗೇ ಇದ್ದವು. ಆ ಒಂದು ಪತ್ರ ಇರಲಿಲ್ಲ.

ಕೊಳ್ಳಲು ಮನಸ್ಸು ಮಾಡಿದ ಮೊದಲ ಕುಟುಂಬದ ವಕೀಲರು ಇದನ್ನು ಕಾಲು ಗಂಟೆಯಲ್ಲಿ ಕಂಡುಹಿಡಿದರು. ಜೊತೆಗೇ ವಂಶವೃಕ್ಷದ ಮೇಲೆ ಬೆರಳಿಟ್ಟು ಇನ್ನೊಂದು ಪ್ರಶ್ನೆ ಕೇಳಿದರು: ‘ಮಗಳ ಸಹಿ ಎಲ್ಲಿ?’

ಕರಾರಿನ ಕರಡಿನಲ್ಲಿ ಅಮ್ಮ ಮತ್ತು ಇಬ್ಬರು ಅಣ್ಣಂದಿರ ಹೆಸರಷ್ಟೇ ಇತ್ತು. ನನ್ನನ್ನು ಬಿಡಬೇಕೆಂದು ಅವರು ಬಿಟ್ಟದ್ದಲ್ಲ. 1992ರಲ್ಲಿ ಮದುವೆಯಾಗಿ ಹೋದವಳಿಗೆ ಪಾಲಿಲ್ಲ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ. ‘1994ಕ್ಕೆ ಮೊದಲು ಮದುವೆಯಾದವರಿಗೆ ಹಕ್ಕಿಲ್ಲ’ ಎಂಬ ಮಾತು ಕರ್ನಾಟಕದಲ್ಲಿ ಈಗಲೂ ಓಡಾಡುತ್ತಿದೆ. ಅದರ ಮೂಲ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ನಮ್ಮ ರಾಜ್ಯದಲ್ಲಿ 1994ರಲ್ಲಿ ಜಾರಿಯಾದ ತಿದ್ದುಪಡಿ. ಅದು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟರೂ ಅಷ್ಟರಲ್ಲಾಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಈ ಭೇದವನ್ನು ತೆಗೆದುಹಾಕಿತು. ತಿದ್ದುಪಡಿಯಾದ ದಿನ ತಂದೆ ಬದುಕಿರಬೇಕೇ ಎಂಬ ಗೊಂದಲವನ್ನೂ 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಹರಿಸಿತು, ಬದುಕಿರಬೇಕಾಗಿಲ್ಲ ಎಂದಿತು. ಇಷ್ಟೆಲ್ಲ ಚರ್ಚೆ ನಡೆದದ್ದು ಪಿತ್ರಾರ್ಜಿತ ಆಸ್ತಿಯ ಬಗ್ಗೆ. ಅಪ್ಪ ಸ್ವಂತ ದುಡಿಮೆಯಿಂದ ಮಾಡಿದ ಮನೆ, ಉಯಿಲು ಬರೆದಿಲ್ಲ ಎಂದಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರವೇ ಹೆಂಡತಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಮಗಳ ಮದುವೆ ಯಾವ ಇಸವಿಯಲ್ಲಿ ಆಯಿತು ಎಂಬುದಕ್ಕೆ ಅಲ್ಲಿ ಬೆಲೆಯೇ ಇಲ್ಲ.

ಇದು ನ್ಯಾಯದ ಮಾತೂ ಹೌದು, ವ್ಯವಹಾರದ ಮಾತೂ ಹೌದು. ಒಬ್ಬ ವಾರಸುದಾರರ ಸಹಿ ಬಿಟ್ಟುಹೋದ ಮನೆಗೆ ಬ್ಯಾಂಕಿನ ವಕೀಲರು ಒಪ್ಪಿಗೆ ಕೊಡುವುದಿಲ್ಲ. ಮುಂದೊಂದು ದಿನ ಅವರೋ ಅವರ ಮಕ್ಕಳೋ ದಾವೆ ಹೂಡಬಹುದು ಎಂಬ ಭಯದಲ್ಲಿ ಕೊಳ್ಳುವವರೂ ಮುಂಗಡ ಕೊಡುವುದಿಲ್ಲ. ದಾರಿ ಎರಡು: ಮಗಳೂ ಮಾರಾಟಗಾರಳಾಗಿ ಕ್ರಯಪತ್ರಕ್ಕೆ ಸಹಿ ಹಾಕಿ ತನ್ನ ಪಾಲಿನ ಹಣ ಪಡೆಯುವುದು, ಅಥವಾ ಮನಸ್ಸಿದ್ದರೆ ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಿ ಕೊಡುವುದು. ಬಿಳಿ ಹಾಳೆಯಲ್ಲಿ ‘ನನಗೆ ಪಾಲು ಬೇಡ’ ಎಂದು ಬರೆಸಿಕೊಂಡರೆ ಉಪಯೋಗಕ್ಕೆ ಬಾರದು. ಮನೆ ಮಾರುವ ಯೋಚನೆ ಬಂದ ಅಣ್ಣತಮ್ಮಂದಿರಿಗೆ ನನ್ನ ಕಳಕಳಿಯ ಮಾತು ಇಷ್ಟೇ: ಬ್ರೋಕರಿಗೆ ಫೋನ್ ಮಾಡುವ ಮೊದಲು ಅಕ್ಕತಂಗಿಯರಿಗೆ ಫೋನ್ ಮಾಡಿ. ಕೊನೆಯ ಗಳಿಗೆಯಲ್ಲಿ ವಕೀಲರ ಬಾಯಿಂದ ಕೇಳಿಸಿಕೊಂಡರೆ, ಕೊಡಬೇಕೆಂದಿದ್ದ ಸಹಿಗೂ ಕೈ ತಡೆಯುತ್ತದೆ.

ಮಕ್ಕಳಲ್ಲಿ ಒಬ್ಬರು ವಿದೇಶದಲ್ಲಿದ್ದರೆ ಇನ್ನೂ ಎರಡು ಕೆಲಸ ಹೆಚ್ಚು. ಅವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರ ಪತ್ರವನ್ನು, ಅಂದರೆ ಪವರ್ ಆಫ್ ಅಟಾರ್ನಿಯನ್ನು, ಕಳುಹಿಸಿ, ಅದಕ್ಕೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ತೆರಿಗೆ ಕಡಿತದ ಲೆಕ್ಕವೂ ಬೇರೆ. 50 ಲಕ್ಷ ಮೇಲ್ಪಟ್ಟ ಮನೆಗೆ ಇಲ್ಲಿನ ನಿವಾಸಿಗಳ ಹಣದಿಂದ ಕೊಳ್ಳುವವರು ಶೇ 1 ಹಿಡಿದರೆ ಸಾಕು. ಅನಿವಾಸಿಯ ಪಾಲಿನಿಂದ ಹಿಡಿಯುವ ದರ ಅದಕ್ಕಿಂತ ಬಹಳ ಹೆಚ್ಚು. ಕಡಿಮೆ ಕಡಿತದ ಪ್ರಮಾಣಪತ್ರವನ್ನು ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಪಡೆದಿಟ್ಟುಕೊಂಡರೆ ಕೊಳ್ಳುವವರು ಹೆದರುವುದಿಲ್ಲ.

ಇನ್ನು ಖಾತೆ, ಅಂದರೆ ಆಸ್ತಿಯ ಕಂದಾಯ ಯಾರ ಹೆಸರಿನಲ್ಲಿದೆ ಎಂಬ ಪಾಲಿಕೆಯ ದಾಖಲೆ. 2024ರ ಅಕ್ಟೋಬರಿನಿಂದ ಬೆಂಗಳೂರು ನಗರದಲ್ಲಿ ಕ್ರಯಪತ್ರದ ನೋಂದಣಿಗೆ ಅದರ ಡಿಜಿಟಲ್ ರೂಪವಾದ ಇ-ಖಾತಾ ಬೇಕೇಬೇಕು. ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, 2025ರ ಸೆಪ್ಟೆಂಬರಿನಲ್ಲಿ ಐದು ನಗರ ಪಾಲಿಕೆಗಳಾದ ಮೇಲೂ ಈ ನಿಯಮ ಹಾಗೆಯೇ ಇದೆ. ಅರ್ಜಿಗೆ ಆಧಾರ್, ಕಂದಾಯದ ರಸೀದಿ, ನೋಂದಾಯಿತ ಪತ್ರ, ಆಸ್ತಿಯ ಮೇಲಿನ ಸಾಲ ಮತ್ತು ಮಾರಾಟಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ, ಮನೆಯ ಫೋಟೊ ಎಲ್ಲ ಬೇಕು. ಹಳೆಯ ಮನೆಗಳು ಎಡವುವುದು ಹೆಸರಿನಲ್ಲಿ. ಪತ್ರದಲ್ಲಿ ಊರಿನ ಹೆಸರಿನ ಇನಿಷಿಯಲ್, ಆಧಾರಿನಲ್ಲಿ ತಂದೆಯ ಹೆಸರು ಪೂರ್ತಿ, ಕಂದಾಯದ ರಸೀದಿಯಲ್ಲಿ ಇನ್ನೊಂದು ಕಾಗುಣಿತ. ಮೂರೂ ಒಬ್ಬರೇ ಎಂದು ತೋರಿಸುವ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಡುವುದು ಒಳ್ಳೆಯದು.

ಋಣಭಾರ ಪ್ರಮಾಣಪತ್ರವನ್ನು, ಅಂದರೆ ಎಲ್ಲರೂ ಇ.ಸಿ. ಎನ್ನುವುದನ್ನು, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ನೀವೇ ತೆಗೆಸಿ ಸಾಲುಸಾಲಾಗಿ ಓದಿ. ನಮ್ಮದರಲ್ಲಿ ಅಪ್ಪ ಮನೆ ಕಟ್ಟಲು ತೆಗೆದ ಸಾಲದ ಅಡಮಾನ ಇನ್ನೂ ಜೀವಂತವಾಗಿ ಕುಳಿತಿತ್ತು. ಸಾಲ ತೀರಿ ಇಪ್ಪತ್ತು ವರ್ಷವಾಗಿತ್ತು, ತೀರಿದ್ದನ್ನು ನೋಂದಾಯಿಸಿರಲಿಲ್ಲ. ಸಾಲ ಕೊಟ್ಟ ಸಂಸ್ಥೆಗೆ ನಾಲ್ಕು ಸಲ ಅಲೆದು ಬಿಡುಗಡೆ ಪತ್ರ ತಂದೆವು. ಅನುಮೋದನೆಗಳು ಪೂರ್ತಿಯಿಲ್ಲದ ಆಸ್ತಿಗೆ ಕೊಡುವ ಬಿ ಖಾತಾ ಇರುವ ಮನೆಯಾದರೆ ತೊಡಕು ಇನ್ನೂ ದೊಡ್ಡದು. ಬಹುತೇಕ ಬ್ಯಾಂಕುಗಳು ಸಾಲಕ್ಕೆ ಹಿಂಜರಿಯುವುದರಿಂದ ಕೈಯಲ್ಲಿ ಪೂರ್ತಿ ಹಣ ಇರುವವರಷ್ಟೇ ಉಳಿಯುತ್ತಾರೆ, ಅವರು ಬೆಲೆಯನ್ನು ಜಗ್ಗುತ್ತಾರೆ. 2025ರ ಕೊನೆಯಲ್ಲಿ ಬಿ ಖಾತೆಯವರಿಗೆ ನಿಯಮಬದ್ಧ ಆಸ್ತಿಗಿರುವ ಎ ಖಾತಾ ಕೊಡುವ ಯೋಜನೆಯನ್ನು ಸರ್ಕಾರ ಪ್ರಕಟಿಸಿತು. ಅಂಥ ಮನೆಯವರು ಮಾರಾಟಕ್ಕೆ ಇಳಿಯುವ ಮೊದಲು ಅದರ ಶುಲ್ಕ, ಷರತ್ತುಗಳನ್ನು ವಿಚಾರಿಸಿ ಲೆಕ್ಕ ಹಾಕುವುದು ಮೇಲು.

ಬೆಲೆಯ ಲೆಕ್ಕ ಅವರ ಕಡೆಯಿಂದ

ನಾವು ಬೆಲೆ ಕಟ್ಟಿದ್ದು ಹೇಗೆಂದರೆ, ‘ಪಕ್ಕದ ರಸ್ತೆಯ ಮನೆ ಎರಡು ಕೋಟಿಗೂ ಮೇಲೆ ಹೋಯಿತಂತೆ’ ಎಂಬ ಒಂದು ಮಾತಿನ ಮೇಲೆ. ಆ ಮನೆ ಮೂಲೆ ನಿವೇಶನ, ನಲವತ್ತಡಿ ರಸ್ತೆ, ಪೂರ್ವದ ಬಾಗಿಲು. ನಮ್ಮದು ಮೂವತ್ತು ನಲವತ್ತರ ನಿವೇಶನ, ಸಾಲಿನ ನಡುವೆ, ಮೂವತ್ತಡಿ ರಸ್ತೆ, ದಕ್ಷಿಣದ ಬಾಗಿಲು. ಎರಡು ಕೋಟಿ ಎಂದೆವು. ಬಂದ ಒಬ್ಬರ ಬ್ಯಾಂಕಿನ ಎಂಜಿನಿಯರ್ ಕಟ್ಟಡದ ವಯಸ್ಸು ಕಳೆದು 1.70 ಕೋಟಿ ಎಂದು ವರದಿ ಕೊಟ್ಟರು. ಮೂವತ್ತು ಲಕ್ಷವಷ್ಟೇ ವ್ಯತ್ಯಾಸ, ಚೌಕಾಸಿಯಲ್ಲಿ ಸರಿಹೋಗುತ್ತದೆ ಎಂದುಕೊಂಡೆವು. ಕೊಳ್ಳುವವರ ಕಡೆ ಕುಳಿತು ಲೆಕ್ಕ ಹಾಕಿದಾಗ ಕಣ್ಣು ತೆರೆಯಿತು.

ರಿಸರ್ವ್ ಬ್ಯಾಂಕಿನ ನಿಯಮದಂತೆ 75 ಲಕ್ಷ ಮೀರಿದ ಗೃಹಸಾಲದಲ್ಲಿ ಬ್ಯಾಂಕು ಆಸ್ತಿಯ ಮೌಲ್ಯದ ಶೇ 75ರಷ್ಟನ್ನು ಮಾತ್ರ ಕೊಡಬಹುದು. ಆ ಮೌಲ್ಯ ಬ್ಯಾಂಕು ಕಟ್ಟಿದ್ದು, ನಾವು ಹೇಳಿದ್ದಲ್ಲ. 1.70 ಕೋಟಿಗೆ ಸಾಲ 1 ಕೋಟಿ 27.5 ಲಕ್ಷ. ಎರಡು ಕೋಟಿಗೆ ಕೊಳ್ಳಬೇಕಾದರೆ 72.5 ಲಕ್ಷ ಕೈಯಿಂದ ಹಾಕಬೇಕು. ಅದರ ಮೇಲೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಅಧಿಭಾರ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಒಟ್ಟು ಶೇ 7.6, ಅಂದರೆ 15.2 ಲಕ್ಷ. ಇದಕ್ಕೆ ಸಾಲ ಸಿಗುವುದಿಲ್ಲ. ಹೀಗೆ ಆ ಕುಟುಂಬ 87.7 ಲಕ್ಷವನ್ನು ಸ್ವಂತವಾಗಿ ಹೊಂದಿಸಬೇಕಿತ್ತು. ಬೆಲೆಯನ್ನು 1.80 ಕೋಟಿಗೆ ಇಳಿಸಿದರೆ ಸಾಲ ಅಷ್ಟೇ ಇರುತ್ತದೆ, ಕೈಹಣ ಸುಮಾರು 66 ಲಕ್ಷಕ್ಕೆ ಇಳಿಯುತ್ತದೆ. ಬ್ಯಾಂಕಿನ ಮೌಲ್ಯಕ್ಕಿಂತ ಮೇಲೆ ನಾವು ಕೇಳುವ ಒಂದೊಂದು ರೂಪಾಯಿಯೂ ಪೂರ್ತಿಯಾಗಿ ಅವರ ಉಳಿತಾಯದಿಂದ, ಪ್ರಾವಿಡೆಂಟ್ ಫಂಡಿನಿಂದ, ಒಡವೆಯಿಂದ ಬರಬೇಕು. ‘ಮನೆಯಲ್ಲಿ ಮಾತನಾಡಿ ಹೇಳುತ್ತೇವೆ’ ಎಂದವರು ಮನೆಗೆ ಹೋಗಿ ಮಾತನಾಡಿದ್ದು ಇದನ್ನೇ.

ಆದ್ದರಿಂದ ಬೋರ್ಡು ಹಾಕುವ ಮೊದಲೇ ನೋಂದಾಯಿತ ಮೌಲ್ಯಮಾಪಕರಿಂದ ಒಂದು ವರದಿ ಬರೆಸಿ. ಅದಕ್ಕಾಗುವ ಖರ್ಚು ಒಂದು ತಿಂಗಳು ಕಾಯುವ ನಷ್ಟಕ್ಕಿಂತ ಕಡಿಮೆ. ಬೆಲೆಯ ಒಂದು ಭಾಗವನ್ನು ನಗದಾಗಿ ಕೇಳುವ ಅಭ್ಯಾಸವನ್ನೂ ಬಿಡಬೇಕು. ಸಾಲದಿಂದ ಕೊಳ್ಳುವವರ ಬಳಿ ಅಂಥ ನಗದು ಇರುವುದಿಲ್ಲ, ಮತ್ತು ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಮೇಲ್ಪಟ್ಟ ನಗದು ಪಡೆದರೆ ಪಡೆದಷ್ಟೇ ದಂಡ ಬೀಳುತ್ತದೆ. ತೆರಿಗೆಗೆ ಹೆದರಿ ಬೆಲೆ ಏರಿಸುವವರೂ ಇದ್ದಾರೆ. ತೆರಿಗೆ ಬೀಳುವ ಲಾಭವನ್ನು ಲೆಕ್ಕ ಹಾಕುವಾಗ 2001ಕ್ಕೆ ಹಿಂದಿನ ಆಸ್ತಿಗೆ ಆ ವರ್ಷದ ಏಪ್ರಿಲ್ 1ರ ಮೌಲ್ಯವನ್ನೇ ಕೊಂಡ ಬೆಲೆಯೆಂದು ತೆಗೆದುಕೊಳ್ಳಬಹುದು. ಬಂದ ಲಾಭದಲ್ಲಿ ಇನ್ನೊಂದು ವಾಸದ ಮನೆ ಕೊಂಡರೆ ವಿನಾಯಿತಿಯೂ ಇದೆ. ಲೆಕ್ಕ ಪರಿಶೋಧಕರ ಹತ್ತಿರ ಅರ್ಧ ಗಂಟೆ ಕುಳಿತರೆ ಆ ಹೆದರಿಕೆ ಬಹಳಷ್ಟು ಇಳಿಯುತ್ತದೆ.

ಕ್ಯಾಲೆಂಡರಿನ ಹಿಂದೆ

ಒಂದೂವರೆ ಲಕ್ಷ ಖರ್ಚು ಮಾಡಿ ಮನೆಗೆಲ್ಲ ಬಣ್ಣ ಹೊಡೆಸಿದ್ದೆವು. ಮಹಡಿಯ ಬಚ್ಚಲಿನ ಪೈಪಿನಿಂದ ಜಿನುಗುವ ನೀರು ಹಜಾರದ ಗೋಡೆಯಲ್ಲಿ ಅಂಗೈಯಗಲ ಕಲೆಯಾಗಿ ಮೊದಲ ಮಳೆಗೇ ಮತ್ತೆ ಮೂಡಿತು. ಅದರ ಮೇಲೆ ದೇವರ ಕ್ಯಾಲೆಂಡರ್ ತೂಗುಹಾಕಿದೆವು. ಒಂದು ಭಾನುವಾರ ಬಂದ ಹಿರಿಯ ಹೆಂಗಸೊಬ್ಬರು ಮಾತನಾಡುತ್ತಲೇ ಆ ಗೋಡೆಯ ಹತ್ತಿರ ಹೋದರು. ಕ್ಯಾಲೆಂಡರಿನ ತುದಿಯನ್ನು ಒಂದು ಬೆರಳಿನಿಂದ ಎತ್ತಿ ನೋಡಿದರು, ಹಾಗೆಯೇ ಇಳಿಬಿಟ್ಟರು. ಏನೂ ಹೇಳಲಿಲ್ಲ. ಕಾಫಿ ಚೆನ್ನಾಗಿದೆ ಎಂದರು.

ಆ ದಿನ ನನಗೆ ನಿಜಕ್ಕೂ ನೋವಾಯಿತು. ಅವರು ಅಳೆದದ್ದು ಕಲೆಯನ್ನಲ್ಲ, ನಮ್ಮ ಮಾತನ್ನು. ಒಂದು ಕಲೆಯನ್ನು ಮುಚ್ಚಿದವರು ಇನ್ನೇನನ್ನು ಮುಚ್ಚಿರಬಹುದು ಎಂದು ಯಾರಿಗೇ ಆದರೂ ಅನ್ನಿಸುತ್ತದೆ. ಮರುವಾರವೇ ಪೈಪ್ ಬದಲಿಸಿ, ಗಾರೆ ಕಿತ್ತು ಹೊಸದಾಗಿ ಮಾಡಿಸಿದೆವು. ಬಂದವರಿಗೆಲ್ಲ ‘ಇಲ್ಲಿ ನೀರು ಜಿನುಗುತ್ತಿತ್ತು, ಸರಿಮಾಡಿಸಿದ್ದೇವೆ’ ಎಂದು ನಾವೇ ಹೇಳಿ, ಕೆಲಸದ ಬಿಲ್ಲನ್ನೂ ತೋರಿಸತೊಡಗಿದೆವು. ಜನ ಹೆಚ್ಚು ಹೊತ್ತು ಕೂರುವುದಕ್ಕೆ ಶುರುವಾದದ್ದು ಆಮೇಲೆ.

ಹಳೆಯ ಮನೆಗೆ ಬರುವವರಲ್ಲಿ ಎರಡು ಬಗೆ. ಕೆಡವಿ ಕಟ್ಟುವವರು ನಿವೇಶನದ ದರವನ್ನಷ್ಟೇ ನೋಡುತ್ತಾರೆ, ಕೆಡವುವ ಖರ್ಚನ್ನೂ ಅದರಲ್ಲಿ ಕಳೆಯುತ್ತಾರೆ. ಅವರಿಗೆ ಬಣ್ಣ, ಅಡುಗೆಮನೆಯ ಹೊಸ ಕಪಾಟು ಯಾವುದೂ ಬೇಡ. ರಸ್ತೆಯ ಅಗಲ, ಶುದ್ಧ ಪತ್ರ, ಖಾಲಿ ಮನೆ ಬೇಕು. ವಾಸಕ್ಕೆ ಬರುವವರು ನೀರು, ವೈರಿಂಗ್, ತೇವ, ಗಾಳಿ ಬೆಳಕು ನೋಡುತ್ತಾರೆ. 2024ರ ಬೇಸಿಗೆಯ ನೀರಿನ ಬವಣೆಯ ನಂತರ ಬೆಂಗಳೂರಿನಲ್ಲಿ ಮೊದಲ ಪ್ರಶ್ನೆಯೇ ‘ಕಾವೇರಿ ನೀರು ಯಾವ ದಿನ ಬರುತ್ತದೆ, ಸಂಪು ಎಷ್ಟು ದೊಡ್ಡದು’ ಎಂಬುದು. ಜಲಮಂಡಳಿಯ ಬಿಲ್ಲುಗಳನ್ನು ತೋರಿಸಿ, ನೀರು ಬರುವ ದಿನವೇ ಮನೆಗೆ ಕರೆದರೆ ಅರ್ಧ ಸಂದೇಹ ಕಳೆಯುತ್ತದೆ. ನೀವು ಯಾರಿಗೆ ಮಾರುತ್ತಿದ್ದೀರಿ ಎಂದು ಮೊದಲೇ ತೀರ್ಮಾನಿಸಿಕೊಂಡರೆ ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಬೇಡ ಎಂಬುದು ತಾನಾಗಿ ಗೊತ್ತಾಗುತ್ತದೆ. ನಾವು ತೀರ್ಮಾನಿಸದೆಯೇ ಬಣ್ಣ ಹೊಡೆಸಿದ್ದೆವು.

ಮಹಡಿಯ ಕಥೆ ಬೇರೆ. 1998ರಲ್ಲಿ ಕಟ್ಟಿದ ಮೇಲಿನ ಮನೆಗೆ ಮಂಜೂರಾದ ನಕ್ಷೆ ಇರಲಿಲ್ಲ. ಅದರಲ್ಲಿ 12 ಲಕ್ಷದ ಭೋಗ್ಯಕ್ಕೆ ಒಂದು ಸಂಸಾರವಿತ್ತು. ನಕ್ಷೆಯಿಲ್ಲದ ಭಾಗಕ್ಕೆ ಬ್ಯಾಂಕು ಬೆಲೆ ಕಟ್ಟಲಿಲ್ಲ, ಅದನ್ನು ನಾವು ಒಪ್ಪಿಕೊಂಡೆವು. ಭೋಗ್ಯದವರ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ‘ಮಾರಿದ ಹಣದಲ್ಲಿ ಅವರಿಗೆ ಕೊಡುತ್ತೇವೆ’ ಎಂದರೆ, ಅವರು ಬಿಡದಿದ್ದರೆ ಗತಿಯೇನು ಎಂದು ಕೊಳ್ಳುವವರು ಹಿಂದೆ ಸರಿಯುತ್ತಾರೆ. ಅಣ್ಣಂದಿರು ಹೇಗೋ ಹಣ ಹೊಂದಿಸಿ ಅವರಿಗೆ ಹಿಂತಿರುಗಿಸಿದರು, ಮನೆ ಖಾಲಿಯಾಯಿತು. ಮುಂದಿನ ಎರಡು ವಾರಗಳಲ್ಲಿ ಬಂದಷ್ಟು ಫೋನುಗಳು ಹಿಂದಿನ ಎರಡು ತಿಂಗಳಲ್ಲಿ ಬಂದಿರಲಿಲ್ಲ.

ವಾಸ್ತುವಿನ ಬಗ್ಗೆ ವಾದಕ್ಕೆ ಇಳಿಯಬೇಡಿ. ದಕ್ಷಿಣದ ಬಾಗಿಲು ಬೇಡವೆನ್ನುವವರನ್ನು ಒಪ್ಪಿಸಲಾಗದು. ಜಾಹೀರಾತಿನಲ್ಲೇ ದಿಕ್ಕು ಬರೆದರೆ ಇಬ್ಬರ ಭಾನುವಾರವೂ ಉಳಿಯುತ್ತದೆ. ಭಾನುವಾರ ಕರೆಯುವುದಾದರೆ ಬೆಳಿಗ್ಗೆಯೇ ಕರೆಯಿರಿ, ಸಂಜೆ ನಾಲ್ಕೂವರೆಯಿಂದ ಆರರ ತನಕ ರಾಹುಕಾಲ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಫೋನ್ ಸುಮ್ಮನಿದ್ದರೆ ಗಾಬರಿಯಾಗಿ ಬೆಲೆ ಇಳಿಸಬೇಡಿ. ಮನಸ್ಸಾದವರೂ ಆ ದಿನಗಳಲ್ಲಿ ಮುಂಗಡ ಕೊಡುವುದಿಲ್ಲ. ಪತ್ರಗಳ ಓಡಾಟಕ್ಕೆ ಆ ತಿಂಗಳುಗಳು ಒದಗುತ್ತವೆ.

ಜಾಹೀರಾತಿನಲ್ಲಿ ನಾವು ಮಾಡಿದ ತಪ್ಪು ನಾಲ್ಕು ಜನ ಬ್ರೋಕರುಗಳಿಗೆ ಹೇಳಿದ್ದು. ಒಂದೇ ಮನೆ ಮೂರು ಜಾಲತಾಣಗಳಲ್ಲಿ ಮೂರು ಬೆಲೆಗೆ ಕಾಣಿಸಿತು. ನೋಡಿದವರು ಅತಿ ಕಡಿಮೆಯದನ್ನು ಹಿಡಿದು ಅಲ್ಲಿಂದ ಚೌಕಾಸಿ ಆರಂಭಿಸಿದರು. ಆಮೇಲೆ ಒಬ್ಬರನ್ನೇ ಇಟ್ಟುಕೊಂಡು, ದಲ್ಲಾಳಿಯ ಶುಲ್ಕವನ್ನು ಬರವಣಿಗೆಯಲ್ಲಿ ಮಾತಾಡಿಕೊಂಡೆವು. ಹಳೆಯ ಫೋಟೊಗಳನ್ನು ತೆಗೆಸಿಹಾಕಿ, ಕಿಟಕಿಯೆಲ್ಲ ತೆರೆದು, ಬೆಳಗಿನ ಬೆಳಕಿನಲ್ಲಿ ಮೊಸಾಯಿಕ್ ನೆಲ ಹೊಳೆಯುವಂತೆ ಹೊಸದಾಗಿ ತೆಗೆದೆವು. ಪತ್ರಗಳನ್ನೆಲ್ಲ ಒಂದು ಕಡತದಲ್ಲಿ ಜೋಡಿಸಿ, ಮೊದಲ ಪುಟದಲ್ಲಿ ಪಟ್ಟಿ ಬರೆದು, ಕೇಳಿದವರಿಗೆ ಅಂದೇ ಪ್ರತಿ ಕೊಟ್ಟೆವು. ಶುದ್ಧ ಕ್ರಯಪತ್ರ ಅಷ್ಟರಲ್ಲಿ ನಮ್ಮ ನಾಲ್ವರ ಹೆಸರಿಗೆ ಬಂದಿತ್ತು.

ಕೊಂಡವರು ಎಲ್ಲಿಂದಲೋ ಬಂದವರಲ್ಲ. ಎರಡು ರಸ್ತೆ ಆಚೆ ಒಂಬತ್ತು ವರ್ಷದಿಂದ ಬಾಡಿಗೆಗಿದ್ದ ಕುಟುಂಬ. ಅವರ ಅತ್ತೆಗೆ ಅದೇ ದೇವಸ್ಥಾನ ಬೇಕು, ಮಕ್ಕಳಿಗೆ ಅದೇ ಶಾಲೆ ಬೇಕು. ಸುದ್ದಿ ಮುಟ್ಟಿದ್ದು ನಮ್ಮ ದಿನಸಿ ಅಂಗಡಿಯವರಿಂದ. ಹಳೆಯ ಬಡಾವಣೆಯ ಮನೆಗೆ ಒಪ್ಪುವ ಬೆಲೆ ಕೊಡುವವರು ಬಹಳ ಸಲ ಅದೇ ಬಡಾವಣೆಯಲ್ಲಿ ಬಾಡಿಗೆಗಿರುತ್ತಾರೆ. ಹಾಲಿನ ಬೂತು, ಅಂಗಡಿ, ದೇವಸ್ಥಾನದ ಅರ್ಚಕರು, ಇವರಿಗೆಲ್ಲ ನಾವು ಮೊದಲ ವಾರವೇ ಹೇಳಬೇಕಿತ್ತು.

ಉಪನೋಂದಣಾಧಿಕಾರಿ ಕಚೇರಿಯಲ್ಲಿ ನಾಲ್ವರೂ ಸಾಲಾಗಿ ನಿಂತು ಫೋಟೊ, ಹೆಬ್ಬೆರಳು ಕೊಟ್ಟೆವು. ಹೊರಗೆ ಬಂದ ಮೇಲೆ ಅಮ್ಮ ಬೀಗದ ಕೈಗೊಂಚಲಿನ ಜೊತೆ ಒಂದು ಚೀಟಿಯನ್ನೂ ಆ ಹೆಣ್ಣುಮಗಳ ಕೈಗಿಟ್ಟರು. ಕಾವೇರಿ ನೀರು ಬರುವ ದಿನಗಳು, ಸಂಪಿನ ವಾಲ್ವ್ ಯಾವ ಕಡೆಗೆ ತಿರುಗಿಸಬೇಕು, ಹಿತ್ತಿಲಿನ ಕರಿಬೇವಿಗೆ ಬೇಸಿಗೆಯಲ್ಲಿ ಎಷ್ಟು ಸಲ ನೀರು ಹಾಕಬೇಕು ಎಂದು ಅದರಲ್ಲಿ ಬರೆದಿದ್ದರು.